ಹದಿನೈದು ತುಂಬಿದ ಕಾರನ್ನು ಎಫ್‌ಸಿಗೆ ನಿಲ್ಲಿಸಿದ್ದು

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಓಡಿಸಲು ಯೋಗ್ಯವೇ ಎಂದು ನೋಡುವ ತಪಾಸಣೆಗೆ, ಅಂದರೆ ಎಫ್‌ಸಿಗೆ, ಅದನ್ನು ಆರ್‌ಟಿಒಗೆ ಒಯ್ಯಬೇಕು. ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ಅಲ್ಲಿನ ಮೋಟಾರು ವಾಹನ ನಿರೀಕ್ಷಕರು, ನೋಡಿ ಸರಿ ಇದೆ ಅಂದರೆ ಇನ್ನು ಐದು ವರ್ಷ ಓಡಿಸಬಹುದು. ನಮ್ಮ ಮನೆಯ ಪೆಟ್ರೋಲ್ ಕಾರು 2010ರ ಶುರುವಿನದು. ಆರ್‌ಸಿ ಮುಗಿಯುವ ತಾರೀಖು ಹತ್ತಿರವಾದಂತೆ ತುಮಕೂರಿನಲ್ಲಿ ನನಗೆ ಸಿಕ್ಕ ಸಲಹೆ ಎರಡೇ ಬಗೆಯದು. ಮಾರಿಬಿಡಿ ಅನ್ನುವವರು ಕೆಲವರು. ಏಜೆಂಟ್ ಕೈಗೆ ಕೊಡಿ, ತಲೆಬಿಸಿ ಇರೋಲ್ಲ ಅನ್ನುವವರು ಉಳಿದವರು. ಗಾಡಿ ನಿಜವಾಗಿ ಹೇಗಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನನಗೆ ಬೇಕಾಗಿದ್ದದ್ದು ಅದೇ. ಅಪ್ಪ ನಿವೃತ್ತರಾದ ಮೇಲೆ ಈ ಕಾರು ನನ್ನ ಪಾಲಿಗೆ ಬಂತು. ಗುಬ್ಬಿ ರಸ್ತೆಯಲ್ಲಿರುವ ನಮ್ಮ ಶಾಲೆಗೆ ದಿನಾ ಇದರಲ್ಲೇ ಹೋಗುತ್ತೇನೆ, ಜೊತೆಗೆ ಇಬ್ಬರು ಸಹೋದ್ಯೋಗಿಗಳೂ ಕೂರುತ್ತಾರೆ. ಲಾರಿಗಳ ಮಧ್ಯೆ ಓಡಾಡುವ ದಾರಿ. ಇನ್ನೂ ಐದು ವರ್ಷ ಇವರನ್ನೆಲ್ಲ ಕೂರಿಸಿಕೊಂಡು ಹೋಗುವುದಾದರೆ ಕಾಗದಕ್ಕಿಂತ ಮೊದಲು ಗಾಡಿ ಗಟ್ಟಿ ಇರಬೇಕು.

ಕಾಗದದ ಕೆಲಸ ಕಷ್ಟದ್ದಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಕೊಟ್ಟು ಫಾರಂ 25 ತುಂಬಿದೆ. ಆರ್‌ಸಿಗೆ ಅಪ್ಪನ ಹಳೇ ಮೊಬೈಲ್ ನಂಬರ್ ಜೋಡಣೆಯಾಗಿತ್ತು, ಮೊದಲು ಅದನ್ನು ಬದಲಿಸಬೇಕಾಯಿತು. ಒಟಿಪಿ ಬಾರದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಶುಲ್ಕ 5,000 ರೂಪಾಯಿ. 2022ರ ಏಪ್ರಿಲ್‌ಗೆ ಮುಂಚೆ ಇದೇ ಕೆಲಸಕ್ಕೆ 600 ಇತ್ತು. ಇದರ ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ 500. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ ಏರುತ್ತಾ ಹೋಗುತ್ತದೆ. ದಂಡಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ನೋಂದಣಿ ಮುಗಿದ ಗಾಡಿ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ.

ಅರ್ಜಿ ಹಾಕುವ ಮುನ್ನವೇ ಗಾಡಿಯನ್ನು ಅಂತರಸನಹಳ್ಳಿ ಕಡೆಯ ಒಂದು ಗ್ಯಾರೇಜಿಗೆ ಬಿಟ್ಟೆ. ಅಲ್ಲಿ ಲಿಫ್ಟ್ ಇದೆ, ಅದಕ್ಕೇ ಆರಿಸಿದ್ದು. ಹಳೇ ಕಾರಿನ ಕಾಯಿಲೆಯೆಲ್ಲ ಕೆಳಗಡೆ. ಬಾನೆಟ್ ಎತ್ತಿ ನೋಡಿದರೆ ಅರ್ಧವೂ ಕಾಣುವುದಿಲ್ಲ. ಮೆಕ್ಯಾನಿಕ್ ಭಾಯ್ ಅಪ್ಪನ ಕಾಲದಿಂದ ಪರಿಚಯ. ಗಾಡಿ ಒಳಗೆ ತರುವಾಗಲೇ ಡ್ಯಾಶ್‌ಬೋರ್ಡ್ ನೋಡಿ ಕೇಳಿದರು.

"ಮೇಡಂ, ಈ ಕೆಂಪು ಲೈಟ್ ಯಾವಾಗಿಂದ ಹತ್ತಾ ಇದೆ?"

"ತಿರುವಲ್ಲಿ ಮಾತ್ರ ಒಂದ್ ಸಲ ಹತ್ತಿ ಆರುತ್ತೆ ಭಾಯ್. ಹ್ಯಾಂಡ್ ಬ್ರೇಕ್ ಸ್ವಿಚ್ ಇರ್ಬೇಕು ಅಂದ್ರು ಅಪ್ಪ."

"ತಿರುವಲ್ಲಿ ಹತ್ತುತ್ತೆ ಅಂದ್ರೆ ಸ್ವಿಚ್ ಅಲ್ಲ, ಬ್ರೇಕ್ ಆಯಿಲ್ ಕಮ್ಮಿ ಆಗಿದೆ. ಗಾಡಿ ವಾಲಿದಾಗ ಆಯಿಲ್ ಒಂದ್ ಕಡೆ ಹೋಗುತ್ತೆ, ಡಬ್ಬಿ ಒಳಗಿನ ಫ್ಲೋಟ್ ಕೆಳಗಿಳಿಯುತ್ತೆ."

ಹ್ಯಾಂಡ್ ಬ್ರೇಕಿಗೂ ಬ್ರೇಕ್ ಆಯಿಲ್‌ಗೂ ಒಂದೇ ದೀಪ ಇರುವುದರಿಂದ ಈ ಗೊಂದಲ. ಭಾಯ್ ಮುಂದೆ ಹೇಳಿದ ಮಾತನ್ನು ಹಳೇ ಕಾರು ಇಟ್ಟುಕೊಂಡ ಎಲ್ಲರೂ ಕೇಳಬೇಕು. "ಆಯಿಲ್ ತುಂಬ್ಸಿ ಕಳಿಸ್ಬೋದು ಮೇಡಂ. ಲೈಟ್ ಹೋಗುತ್ತೆ, ಎಫ್‌ಸಿನೂ ಆಗುತ್ತೆ. ಆದ್ರೆ ಆಯಿಲ್ ಎಲ್ಲಿಗೆ ಹೋಯ್ತು ಅಂತ ನೋಡ್ಬೇಕಲ್ಲ?"

ಬ್ರೇಕ್ ಆಯಿಲ್ ಕಡಿಮೆಯಾಗುವುದಕ್ಕೆ ಕಾರಣ ಎರಡು. ಮುಂದಿನ ಡಿಸ್ಕ್ ಪ್ಯಾಡು ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಇದು ಸಹಜ. ಇನ್ನೊಂದು ಸೋರಿಕೆ. ಪ್ಯಾಡ್ ನೋಡಿದರೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಲಿಫ್ಟ್ ಮೇಲೆ ಏರಿಸಿ ಪೈಪುಗಳ ಉದ್ದಕ್ಕೂ ಟಾರ್ಚ್ ಹಿಡಿದರೆ ಎಲ್ಲೂ ಹಸಿ ಇಲ್ಲ. ಹಿಂದಿನ ಚಕ್ರ ತೆಗೆದು ಡ್ರಮ್ ಬಿಚ್ಚಲು ಕೂತರು. ಡ್ರಮ್ ತುಕ್ಕು ಹಿಡಿದು ಚಕ್ರದ ಹಬ್‌ಗೆ ಕಚ್ಚಿಕೊಂಡಿತ್ತು, ಸುತ್ತಲೂ ಸುತ್ತಿಗೆಯಿಂದ ತಟ್ಟಿ, ಎರಡು ಬೋಲ್ಟು ತಿರುಗಿಸಿ ಹೊರಗೆಳೆಯಬೇಕಾಯಿತು. ಎಡಗಡೆಯ ಡ್ರಮ್ ಬಂದ ಕೂಡಲೇ ಒಳಗಿನ ಕಪ್ಪು ಪುಡಿ ಒಂದು ಬದಿಯಲ್ಲಿ ಕೆಸರಾಗಿ ಅಂಟಿಕೊಂಡಿದ್ದು ಕಂಡಿತು. ಭಾಯ್ ಸ್ಕ್ರೂಡ್ರೈವರ್ ತುದಿಯಿಂದ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನು ಸ್ವಲ್ಪ ಎತ್ತಿದರು. ಒಳಗಿನಿಂದ ಆಯಿಲ್ ಜಿನುಗಿ ಬ್ರೇಕ್ ಶೂ ಮೇಲೆ ಇಳಿಯಿತು. ಆ ಶೂ ಲೈನಿಂಗ್ ಕೈಬೆರಳಿಗೆ ಜಾರುವಷ್ಟು ನೆನೆದಿತ್ತು.

ಅಂದರೆ ಆ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಓಡಿಸುವಾಗ ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚು ಪಾಲನ್ನು ಮುಂದಿನ ಡಿಸ್ಕುಗಳೇ ಮಾಡುತ್ತವೆ. ಹಿಂದಿನ ಒಂದು ಚಕ್ರ ಸತ್ತರೆ ಊರೊಳಗಿನ ನಿಧಾನದ ಓಡಾಟದಲ್ಲಿ ಕಾಲಿಗೆ ತಿಳಿಯುವುದಿಲ್ಲ. ಮಳೆಯಲ್ಲಿ ಜೋರಾಗಿ ಒತ್ತಬೇಕಾಗಿ ಬಂದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಆ ರಬ್ಬರ್ ಬೂಟಿನೊಳಗಿನ ಸೀಲಿನ ಬೆಲೆ ಒಂದು ಹೊತ್ತಿನ ಊಟಕ್ಕೆ ಆಗುವಷ್ಟು.

ಎರಡೂ ಕಡೆಯ ಸಿಲಿಂಡರ್, ಶೂ ಬದಲಾಯಿಸಿದೆವು. ಒಂದೇ ಕಡೆ ಹೊಸದು ಹಾಕಿದರೆ ಎಡಬಲ ಸಮ ಬರುವುದಿಲ್ಲ. ಇಡೀ ವ್ಯವಸ್ಥೆಯ ಆಯಿಲ್ ಕೂಡ ತೆಗೆಸಿ ಹೊಸದು ತುಂಬಿಸಿದೆ. ನಾನು ಮಕ್ಕಳಿಗೆ ವಿಜ್ಞಾನ ಹೇಳುವವಳು, ಹಾಗಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದೇವರಾಯನದುರ್ಗದ ಬೆಟ್ಟದಿಂದ ಇಳಿಯುವಾಗ ಜನ ಗೇರು ಹಾಕದೆ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬರುತ್ತಾರಲ್ಲ, ಆಗ ಡಿಸ್ಕು ಕಾದು ಹಳೇ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಹಿಂಡಬಹುದು, ದ್ರವವನ್ನು ಹಿಂಡಲಾಗದು. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಗಾಡಿಯಿಂದ ತೆಗೆದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಸರ್ವಿಸ್ ಪುಸ್ತಕಗಳಲ್ಲಿ ಬರೆದಿರುತ್ತದೆ, ಅದನ್ನು ಕೇಳಿ ಮಾಡಿಸುವವರು ಕಡಿಮೆ.

ಲಿಫ್ಟ್ ಮೇಲೆ ಇದ್ದಾಗಲೇ ಉಳಿದದ್ದನ್ನೂ ನೋಡಿದೆವು. ಬಲಗಡೆಯ ಆಕ್ಸಲ್ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಸೀಳಿ ಗ್ರೀಸ್ ಹೊರಗೆ ಚಿಮ್ಮಿತ್ತು. ಬೂಟ್ ಹರಿದ ಮೇಲೆ ಧೂಳು ಒಳಹೋಗಿ ಜಾಯಿಂಟೇ ಹಾಳಾಗುತ್ತದೆ, ಈಗಲೇ ಕಂಡದ್ದರಿಂದ ಬೂಟಿನ ಖರ್ಚಿನಲ್ಲಿ ಮುಗಿಯಿತು. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಹಿಡಿದು ಅಲ್ಲಾಡಿಸಿದರೆ ಒಂದರಲ್ಲಿ ಸಣ್ಣ ಆಟ ಇತ್ತು. ಸೈಲೆನ್ಸರ್ ಪರವಾಗಿಲ್ಲ. ತುಕ್ಕಿನ ವಿಷಯ ಮಾತ್ರ ಸುಲಭದ್ದಲ್ಲ. ಡ್ರೈವರ್ ಬಾಗಿಲ ಕೆಳಗಿನ ಸಿಲ್‌ನಲ್ಲಿ, ಹೊರಗಿನಿಂದ ಪೇಂಟ್ ಉಬ್ಬಿದಂತೆ ಮಾತ್ರ ಕಾಣುತ್ತಿದ್ದ ಜಾಗವನ್ನು ಭಾಯ್ ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಕುಸಿಯಿತು. ಬಾಗಿಲ ಕೆಳಗಡೆ ನೀರು ಹರಿದು ಹೋಗಲು ಸಣ್ಣ ಕಿಂಡಿಗಳಿರುತ್ತವೆ, ಅವು ಮಣ್ಣಿನಿಂದ ಮುಚ್ಚಿದರೆ ಮಳೆನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಟಿಂಕರಿಂಗ್‌ನವರು ಪುಟ್ಟಿ ಹಾಕಿ ಪೇಂಟ್ ಹೊಡೆಯೋಣವೇ ಎಂದು ಕೇಳಿದರು. ಬೇಡ ಎಂದೆ. ಕೊಳೆತ ತಗಡು ಕತ್ತರಿಸಿ ಹೊಸ ಪಟ್ಟಿ ಬೆಸುಗೆ ಹಾಕಿಸಿದೆ. ಪುಟ್ಟಿ ಕಣ್ಣಿಗೆ ನಯವಾಗಿ ಕಾಣುತ್ತದೆ, ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದರೆ ಅದಕ್ಕೆ ಬಲವಿಲ್ಲ.

ರೇಡಿಯೇಟರ್ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ಗಡಸು. ಬಿಸಿಯಾದಾಗ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಅದೇ ನೀರನ್ನು ಎಷ್ಟೋ ಜನ ಕೂಲೆಂಟ್ ಬದಲು ಸುರಿಯುತ್ತಾರೆ. ಅಪ್ಪ ಹಾಗೆ ಮಾಡಿರಲಿಲ್ಲ, ನಮ್ಮದು ಒಳಗಡೆ ಹಸಿರಾಗಿ ಸ್ವಚ್ಛ ಇತ್ತು. ಇದು ಎಫ್‌ಸಿಯಲ್ಲಿ ಯಾರೂ ಕೇಳುವ ವಿಷಯವಲ್ಲ. ಆದರೆ ಬೇಸಿಗೆಯಲ್ಲಿ ರಸ್ತೆ ಬದಿ ಬಾನೆಟ್ ಎತ್ತಿ ನಿಂತ ಹಳೇ ಗಾಡಿಗಳನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಎಮಿಷನ್ ಮೊದಲ ಸಲ ಪಾಸಾಗಲಿಲ್ಲ. ಆ ಕಾಲದ ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.5ರೊಳಗೆ, ಹೈಡ್ರೋಕಾರ್ಬನ್ 750 ಪಿಪಿಎಂ ಒಳಗೆ ಇರಬೇಕು. ನಮ್ಮದು ಮೊದಲನೆಯ ಮಿತಿ ದಾಟಿತ್ತು. ಸೈಲೆನ್ಸರ್ ಕೊಳವೆಗೆ ಕಡ್ಡಿ ತೂರಿಸಿ ನೋಡುತ್ತಿದ್ದ ಹುಡುಗ, "ಎಂಜಿನ್ ತಣ್ಣಗಿದೆ ಅಕ್ಕ, ಒಂದ್ ರೌಂಡ್ ಹೊಡ್ಕೊಂಡು ಬನ್ನಿ" ಎಂದ. ಅವನು ಹೇಳಿದ್ದು ಸರಿಯೇ. ತಣ್ಣನೆ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಶುರು ಮಾಡುವುದಿಲ್ಲ. ಕ್ಯಾತ್ಸಂದ್ರದ ತನಕ ಹೋಗಿ ಬಂದರೂ ಸಂಖ್ಯೆ ಇಳಿಯಿತೇ ಹೊರತು ಮಿತಿಯೊಳಗೆ ಬರಲಿಲ್ಲ. ಹಿಂದಿರುಗಿ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿ, ಥ್ರಾಟಲ್ ಬಾಡಿ ತೊಳೆಸಿದ ಮೇಲೆ ಪಾಸಾಯಿತು. ಹಳೇ ಗಾಡಿಗೆ ಈ ಎಮಿಷನ್ ಚೀಟಿ ಆರೇ ತಿಂಗಳು ನಡೆಯುತ್ತದೆ, ಬಿಎಸ್ 4 ಮತ್ತು ಅದರ ನಂತರದ ಹೊಗೆ ಮಾನದಂಡದ ಗಾಡಿಗಳಿಗೆ ಒಂದು ವರ್ಷ.

ಹೆಡ್‌ಲೈಟ್ ಹಳದಿ ಕಟ್ಟಿತ್ತು. ಮುಂದಿನ ಗ್ಲಾಸ್ ಎಂದು ನಾವು ಹೇಳುವುದು ನಿಜದಲ್ಲಿ ಪಾಲಿಕಾರ್ಬೊನೇಟ್, ಬಿಸಿಲಿಗೆ ಅದರ ಮೇಲ್ಪದರ ಕೆಟ್ಟು ಮಬ್ಬಾಗುತ್ತದೆ. ನೀರು ಹಾಕಿ ಉಜ್ಜುವ ಮರಳುಕಾಗದದಲ್ಲಿ ಒರಟಿನಿಂದ ನುಣುಪಿಗೆ ಹೋಗುತ್ತಾ ಉಜ್ಜಿ, ಕೊನೆಗೆ ಪಾಲಿಶ್ ಹಾಕಿದರು. ಬಲ್ಬ್ ಬದಲಿಸದೆಯೇ ರಾತ್ರಿಯ ರಸ್ತೆ ಬೇರೆಯಾಗಿ ಕಂಡಿತು. ಇಷ್ಟು ದಿನ ಕಣ್ಣಿನ ನಂಬರ್ ಹೆಚ್ಚಾಗಿದೆಯೇನೋ ಎಂದುಕೊಂಡಿದ್ದ ಅಪ್ಪನಿಗೂ ಸಮಾಧಾನವಾಯಿತು.

ಇನ್ನು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್. ನಮ್ಮ ಗಾಡಿಯಲ್ಲಿ ಅದು ಬಾನೆಟ್ ಒಳಗೆ, ಎಂಜಿನ್ ಹಿಂದಿನ ತಗಡಿನ ಮೇಲಿದೆ. ಹದಿನೇಳು ಅಕ್ಷರ ಮತ್ತು ಅಂಕಿ, ಅದರ ಮೇಲೆ ಹದಿನೈದು ವರ್ಷದ ಎಣ್ಣೆ, ಧೂಳು. ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿಸಿ, ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿದರು. ತಂತಿ ಬ್ರಷ್ ಹಾಕಬಾರದು, ಅಂಕಿ ಸವೆದರೆ ಅಲ್ಲಿಗೆ ಕೆಲಸ ಕೆಟ್ಟಿತು. ಈ ಜಾಗ ತುಕ್ಕು ತಿಂದು ಅಂಕಿ ಅಳಿಸಿಹೋದ ಗಾಡಿಗಳ ಮಾಲೀಕರು ಪಡುವ ಪಾಡು ದೊಡ್ಡದು, ಆರ್‌ಸಿಯಲ್ಲಿರುವ ಗಾಡಿ ಇದೇ ಎಂದು ತೋರಿಸಲು ಬೇರೆ ದಾರಿ ಹುಡುಕಬೇಕಾಗುತ್ತದೆ. ವರ್ಷಕ್ಕೊಮ್ಮೆ ಒರೆಸಿ ಸ್ವಲ್ಪ ಗ್ರೀಸ್ ಸವರಿಟ್ಟರೆ ಸಾಕು.

ಆರ್‌ಟಿಒ ಮೈದಾನಕ್ಕೆ ಬೆಳಿಗ್ಗೆಯೇ ಹೋದೆ. ನನ್ನ ಮುಂದೆ ನಿಂತಿದ್ದ ಜೀಪಿಗೆ ಮುಂಭಾಗದಲ್ಲಿ ಕಬ್ಬಿಣದ ಗಾರ್ಡ್ ಇತ್ತು. ಇನ್‌ಸ್ಪೆಕ್ಟರ್ ದೂರದಿಂದಲೇ, "ಅದನ್ನ ಬಿಚ್ಚಿಸ್ಕೊಂಡು ಬನ್ನಿ" ಅಂದರು. ಆ ಗಾರ್ಡುಗಳಿಗೆ ಅವಕಾಶವಿಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಕಿಟಕಿಗೆ ಅಂಟಿಸುವ ಕಪ್ಪು ಫಿಲ್ಮ್ ಕಥೆಯೂ ಹಾಗೆಯೇ. 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೂಡಲೇ ಅಪ್ಪ ನಮ್ಮದನ್ನು ತೆಗೆಸಿದ್ದರು.

ನಮ್ಮ ಸರದಿ ಬಂದಾಗ ಇನ್‌ಸ್ಪೆಕ್ಟರ್ ಮೊದಲು ಪೆನ್ಸಿಲ್ ಪ್ರಿಂಟ್ ಹಿಡಿದು ಚಾಸಿಸ್ ನಂಬರ್ ಒಂದೊಂದೇ ಅಂಕಿ ತಾಳೆ ನೋಡಿದರು. ಎಚ್‌ಎಸ್‌ಆರ್‌ಪಿ ಪ್ಲೇಟಿನ ಲಾಕ್, ಮುಂದಿನ ಗಾಜಿನ ಸ್ಟಿಕ್ಕರ್ ನೋಡಿದರು. ಟೈರಿನ ಗ್ರಿಪ್ ಬೆರಳಿಟ್ಟು ನೋಡಿದರು. ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಆಳ ಉಳಿದಿರಬೇಕು. ಹಾರ್ನ್, ವೈಪರ್, ಕನ್ನಡಿ, ಇಂಡಿಕೇಟರ್, ಡಿಮ್ ಡಿಪ್. ಆಮೇಲೆ ತಾವೇ ಕೂತು ಮೈದಾನದಲ್ಲಿ ಓಡಿಸಿ ಬ್ರೇಕ್ ಒತ್ತಿದರು. ಹ್ಯಾಂಡ್ ಬ್ರೇಕ್ ಎಳೆದು ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರು. ಗಾಡಿ ಅಲುಗದೆ ಎಂಜಿನ್ ಆಫ್ ಆಯಿತು. ಹೊಸ ಶೂ ಹಾಕಿಸಿದ್ದರ ಫಲ ಅಲ್ಲಿ ಕಣ್ಣಾರೆ ಕಂಡೆ.

ಆದರೂ ಅವತ್ತು ಪಾಸ್ ಕೊಡಲಿಲ್ಲ. "ಮೇಡಂ, ಹಿಂದಿನ ನಂಬರ್ ಪ್ಲೇಟ್ ಲೈಟ್ ಹತ್ತಲ್ಲ. ಬಲಗಡೆ ಹೆಡ್‌ಲೈಟ್ ಮೇಲಕ್ಕೆ ಹೊಡೀತಿದೆ, ಎದುರಿಗೆ ಬರೋರ ಕಣ್ಣಿಗೇ ಬೀಳುತ್ತೆ. ಹಿಂದಿನ ಸೀಟಿನ ಒಂದು ಬೆಲ್ಟ್ ಲಾಕ್ ಆಗ್ತಿಲ್ಲ. ಮೂರೂ ಸರಿ ಮಾಡಿಸ್ಕೊಂಡು ಬನ್ನಿ, ಮತ್ತೆ ನೋಡ್ತೀನಿ." ಮಾತಿನಲ್ಲಿ ಗಡಸು ಇರಲಿಲ್ಲ. ಬೆಲ್ಟಿನ ಕೊಂಡಿಯನ್ನು ಎರಡು ಸಲ ತೂರಿಸಿ, ಎಳೆದು ತೋರಿಸಿದರು; ಕಿತ್ತುಕೊಂಡು ಬಂತು. ಆ ಸೀಟಿನಲ್ಲಿ ದಿನಾ ಕೂರುವುದು ನನ್ನ ಸಹೋದ್ಯೋಗಿ. ಇಷ್ಟೆಲ್ಲ ಬಿಚ್ಚಿ ನೋಡಿದ ಗ್ಯಾರೇಜಿನಲ್ಲಿ ಈ ಮೂರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಾಲಿಶ್ ಮಾಡಲು ಲೈಟ್ ಬಿಚ್ಚಿ ಕೂರಿಸುವಾಗ ದಿಕ್ಕು ಏರುಪೇರಾಗಿತ್ತು. ಗೋಡೆಯಿಂದ ಇಪ್ಪತ್ತೈದು ಅಡಿ ದೂರದಲ್ಲಿ ನಿಲ್ಲಿಸಿ, ಚಾಕ್‌ನಲ್ಲಿ ಗೆರೆ ಎಳೆದು, ಹಿಂಭಾಗದ ಸ್ಕ್ರೂ ತಿರುಗಿಸಿ ಸರಿಮಾಡಿದೆವು. ಬೆಲ್ಟಿನ ಬಕಲ್ ಹೊಸದು ತರಿಸಿದೆ. ಮುಂದಿನ ಸಲ ಹೋದಾಗ ಆ ಮೂರನ್ನೇ ನೋಡಿ ಸಹಿ ಹಾಕಿದರು.

ಈ ತಪಾಸಣೆಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲೇ. ಇನ್‌ಸ್ಪೆಕ್ಟರ್ ಹಿಡಿದ ಮೂರು ದೋಷವೂ ನಿಜದವು, ಜೀವಕ್ಕೆ ಸಂಬಂಧಪಟ್ಟವು. ಆದರೆ ವೀಲ್ ಸಿಲಿಂಡರ್ ಸೋರುತ್ತಿದ್ದ ಗಾಡಿಯನ್ನೇ ನಾನು ಆಯಿಲ್ ತುಂಬಿಸಿ ಒಯ್ದಿದ್ದರೆ ಅವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಮೈದಾನದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಒತ್ತಿದರೆ ಮುಂದಿನ ಡಿಸ್ಕು ನಿಲ್ಲಿಸಿಬಿಡುತ್ತದೆ. ರೋಲರ್ ಬ್ರೇಕ್ ಟೆಸ್ಟರ್ ಇದ್ದಿದ್ದರೆ ಕೆಲವೇ ಸೆಕೆಂಡಿನಲ್ಲಿ ಹೊರಬರುತ್ತಿತ್ತು; ಅದು ಒಂದೊಂದು ಚಕ್ರದ ಬ್ರೇಕ್ ಬಲವನ್ನೂ ಬೇರೆಬೇರೆ ಅಳೆದು ಎಡಬಲದ ವ್ಯತ್ಯಾಸ ತೋರಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ನಿಯಮ ತಂದಿತು, ಮೊದಲ ಸರದಿ ಲಾರಿ ಬಸ್ಸುಗಳದ್ದು. ಹಳೇ ಕಾರುಗಳಿಗೂ ಎಲ್ಲ ಜಿಲ್ಲೆಯಲ್ಲೂ ಅದು ಬರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಣ್ಣಿನ ತಪಾಸಣೆ ನೋಡುವವರ ಮೇಲೆ ನಿಂತಿದೆ. ನಮ್ಮ ಸಂಬಂಧಿಕರೊಬ್ಬರ ಗಾಡಿಯನ್ನು ಬೇರೆ ಜಿಲ್ಲೆಯಲ್ಲಿ ಬಾಗಿಲು ಕೂಡ ತೆಗೆಯದೆ ಪಾಸ್ ಮಾಡಿದ್ದರು, ಸ್ವಲ್ಪ ದಿನಕ್ಕೇ ಅದರ ಸೈಲೆನ್ಸರ್ ಹೆದ್ದಾರಿಯಲ್ಲಿ ಕಳಚಿ ಬಿತ್ತು.

ಟೈರಿನ ವಿಷಯದಲ್ಲೂ ಇದೇ ಮಿತಿ. ನಮ್ಮ ಹಿಂದಿನ ಎರಡು ಟೈರುಗಳ ಗ್ರಿಪ್ ಚೆನ್ನಾಗಿತ್ತು, ತಪಾಸಣೆಯಲ್ಲಿ ಅದಕ್ಕೆ ಆಕ್ಷೇಪ ಬರಲಿಲ್ಲ. ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿ 2316 ಎಂದಿತ್ತು. ಅಂದರೆ 2016ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಸೀಳುಗಳು ಶುರುವಾಗಿದ್ದವು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಪಾಸಾದ ಮೇಲೆ ಆ ಎರಡನ್ನೂ ಬದಲಾಯಿಸಿದೆ.

ಶುಲ್ಕ, ರಿಪೇರಿ, ಟೈರು ಎಲ್ಲ ಸೇರಿ ಖರ್ಚು ಸಣ್ಣದಾಗಲಿಲ್ಲ. ಆ ದುಡ್ಡಿಗೆ ಹೊಸ ಕಾರಿನ ಮುಂಗಡ ಕಟ್ಟಬಹುದಿತ್ತು ಎಂದು ತಮ್ಮ ವಾದಿಸಿದ. ಲೆಕ್ಕ ಹಾಕಿದರೆ ಕೆಲವೇ ತಿಂಗಳ ಕಂತಿಗೆ ಸಮ. ಕಂತಿಲ್ಲದೆ ಐದು ವರ್ಷ ಓಡುವ, ಕೆಳಗೆ ಏನಿದೆ ಎಂದು ನನಗೆ ಪೂರ್ತಿ ಗೊತ್ತಿರುವ ಗಾಡಿ ಇದು. ಹೊಸ ಆರ್‌ಸಿ 2030ರ ತನಕ ನಡೆಯುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿಸಿದ್ದಾರೆ. ಆಗ ಮತ್ತೆ ಲಿಫ್ಟ್ ಮೇಲೇರಿಸಿ, ಬೆಸುಗೆ ಹಾಕಿಸಿದ ಸಿಲ್ ಮೊದಲು ನೋಡಿಸುತ್ತೇನೆ. ಅಲ್ಲಿ ತಗಡು ಮತ್ತೆ ಕುಸಿದಿದ್ದರೆ ಗಾಡಿಯನ್ನು ಸ್ಕ್ರ್ಯಾಪ್‌ಗೆ ಕೊಡುವುದು ಎಂದು ಅಪ್ಪನೂ ನಾನೂ ಈಗಲೇ ಮಾತಾಡಿಕೊಂಡಿದ್ದೇವೆ. ಪುಟ್ಟಿ ಹೊಡೆಸಿ ಇನ್ನೊಬ್ಬರಿಗೆ ಮಾರುವುದಿಲ್ಲ.